ಹುಡುಕುವುದು ಮೊದಲು, ಬದಲಿಸುವುದು ಆಮೇಲೆ

(ನಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ಶಿವಮೊಗ್ಗದಲ್ಲಿ ಏರ್ಪಡಿಸಿದ್ದ ಗಣಕಯಂತ್ರ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಕಾರ್ಯದರ್ಶಿಯವರು ನನಗೆ ಮೊದಲು ಕೊಟ್ಟಿದ್ದ ವಿಷಯ ‘ಗಣಕಯಂತ್ರದಿಂದ ಸಮಾಜಕ್ಕೆ ಆಗುವ ಪ್ರಯೋಜನ’. ಅಷ್ಟು ದೊಡ್ಡದನ್ನು ಹೊರುವ ಶಕ್ತಿ ನನಗಿಲ್ಲ ಎಂದು ಹೇಳಿ ಸಣ್ಣದೊಂದನ್ನು ಕೇಳಿ ಪಡೆದೆ. ಒಂದು ಫೋಲ್ಡರಿನಲ್ಲಿರುವ ನೂರಾರು ಫೈಲುಗಳಲ್ಲಿ ಒಂದು ಪದವನ್ನು ಹುಡುಕುವುದು ಹೇಗೆ, ಅದರ ಜಾಗದಲ್ಲಿ ಇನ್ನೊಂದು ಪದವನ್ನು ಹಾಕುವುದು ಹೇಗೆ, ಅದೂ ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಟೈಪು ಮಾಡಿ. ಇಷ್ಟೇ ಇವತ್ತಿನ ವಿಷಯ. ಇದರಲ್ಲಿ ಸಮಾಜ ಎಲ್ಲಿ ಬಂತು ಎಂದು ಕೇಳುವವರಿಗೆ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಪಟ್ಟಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಿವಮೊಗ್ಗದಿಂದ ಒಂದು ಪಟ್ಟಿ, ಭದ್ರಾವತಿಯಿಂದ ಇನ್ನೊಂದು, ಎರಡೂ ಇಂಗ್ಲಿಷಿನಲ್ಲಿ. ಟೈಪು ಮಾಡಿದವರು ಬೇರೆ ಬೇರೆ. ಬೇಗಂ ಎಂಬ ಹೆಸರಿನಲ್ಲಿ ‘ಜಿ’ ಅಕ್ಷರ ಆದ ಮೇಲೆ ಕೆಲವರಿಗೆ ‘ಎ’ ಇತ್ತು, ಹೆಚ್ಚಿನವರಿಗೆ ‘ಯು’ ಇತ್ತು. ನೋಡಲು ಚೆನ್ನಾಗಿಲ್ಲ ಅನ್ನಿಸಿತು. ಒಂದು ಸಾಲಿನ ಆಜ್ಞೆ ಕೊಟ್ಟೆ, ‘ಎ’ ಇದ್ದವೆಲ್ಲ ‘ಯು’ ಆದವು. ಪಟ್ಟಿ ಎಷ್ಟು ಅಚ್ಚುಕಟ್ಟಾಯಿತು ಎಂದರೆ ಸಭೆಯಲ್ಲಿ ಹಿರಿಯರೊಬ್ಬರು ಬೆನ್ನು ತಟ್ಟಿದರು. ಆ ಪಟ್ಟಿಯಿಂದಲೇ ಚೆಕ್ಕುಗಳನ್ನು ಬರೆದರು, ಇಂಥದೇ ಒಂದು ಸಮಾರಂಭದಲ್ಲಿ ಹಂಚಿದರು.

ಅವರಲ್ಲಿ ಒಬ್ಬ ಹುಡುಗಿಯ ಅಂಕಪಟ್ಟಿಯಲ್ಲೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಹೆಸರು ‘ಎ’ ಹಾಕಿಯೇ ಇತ್ತು. ಚೆಕ್ಕಿನಲ್ಲಿ ಮಾತ್ರ ‘ಯು’. ಬ್ಯಾಂಕಿನವರು ವಾಪಸು ಕಳಿಸಿದರು, ಅವರ ತಪ್ಪೇನೂ ಇಲ್ಲ. ಆಕೆಯ ತಂದೆ ದಿನಗೂಲಿಯವರು. ಮೂರು ದಿನದ ಕೂಲಿ ಬಿಟ್ಟು ಬ್ಯಾಂಕಿಗೂ ನಮ್ಮ ಕಚೇರಿಗೂ ಅಲೆದರು. ಅಷ್ಟರಲ್ಲಿ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ ಬಂತು, ಸಾಲ ಮಾಡಿ ಕಟ್ಟಿದರು. ಹೊಸ ಚೆಕ್ಕು ಆಮೇಲೆ ಹೋಯಿತು. ನಾನು ಕ್ಷಮೆ ಕೇಳಲು ಹೋದಾಗ ಅವರು, “ಹೋಗಲಿ ಬಿಡಿ ಸಾಹೇಬರೇ, ಕಂಪ್ಯೂಟರು ತಪ್ಪು ಮಾಡಿತು” ಎಂದು ನನ್ನ ಮರ್ಯಾದೆ ಉಳಿಸಿದರು. ಕಂಪ್ಯೂಟರು ಯಾವ ತಪ್ಪನ್ನೂ ಮಾಡಿರಲಿಲ್ಲ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿತ್ತು.

ಈಗ ಕೆಲಸಕ್ಕೆ ಬರೋಣ. ಲಿನಕ್ಸ್ ಇರುವ ಗಣಕಯಂತ್ರದಲ್ಲಿ ಹುಡುಕುವ ಆಜ್ಞೆಯ ಹೆಸರು ಗ್ರೆಪ್. ಬದಲಿಸುವ ಆಜ್ಞೆ ಸೆಡ್. ಎರಡೂ ಉಚಿತ, ಎರಡೂ ಹಳೆಯವು, 1970ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದವು. ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಲ್ಲಿ ಲೀ ಮೆಕ್‌ಮಹೋನ್ ಎಂಬವರು ಫೆಡರಲಿಸ್ಟ್ ಎಂಬ ಹೆಸರಿನ 85 ಹಳೆಯ ಲೇಖನಗಳಲ್ಲಿ ಯಾವುದನ್ನು ಯಾರು ಬರೆದರು ಎಂದು ಪದಗಳ ಬಳಕೆಯಿಂದ ಕಂಡುಹಿಡಿಯಲು ಹೊರಟಿದ್ದರು. ಆಗಿನ ಯಂತ್ರದ ನೆನಪಿನ ಶಕ್ತಿ ಬಹಳ ಕಡಿಮೆ. ‘ಎಡ್’ ಎಂಬ ಸಂಪಾದಕ ತಂತ್ರಾಂಶದೊಳಗೆ ಅಷ್ಟು ಬರಹ ಹಿಡಿಸಲಿಲ್ಲ. ಆ ಸಂಪಾದಕದಲ್ಲಿದ್ದ ಹುಡುಕುವ ಭಾಗವನ್ನಷ್ಟೇ ಕೆನ್ ಥಾಂಪ್ಸನ್ ಬೇರ್ಪಡಿಸಿ ಪ್ರತ್ಯೇಕ ಉಪಕರಣ ಮಾಡಿಕೊಟ್ಟರು. ಅದೇ ಗ್ರೆಪ್. ಸೆಡ್ ಅನ್ನು ಮುಂದೆ ಮೆಕ್‌ಮಹೋನ್ ತಾವೇ ಬರೆದರು. ಮೊದಲು ಹುಡುಕುವುದು ಬಂತು, ಬದಲಿಸುವುದು ಆಮೇಲೆ ಬಂತು. ಈ ಕ್ರಮವನ್ನು ನಾನು ಅವತ್ತು ತಲೆಕೆಳಗೆ ಮಾಡಿದ್ದೆ.

ಗ್ರೆಪ್ ಎಂದು ಬರೆದು, ಬೇಕಾದ ಪದ ಬರೆದು, ಫೈಲಿನ ಹೆಸರು ಬರೆದರೆ ಆ ಪದ ಇರುವ ಸಾಲುಗಳೆಲ್ಲ ಪರದೆಯ ಮೇಲೆ ಬರುತ್ತವೆ. ಅಡ್ಡಗೆರೆ ಹಾಕಿ ‘ಎನ್’ ಸೇರಿಸಿದರೆ ಸಾಲಿನ ಸಂಖ್ಯೆ, ‘ಸಿ’ ಸೇರಿಸಿದರೆ ಎಷ್ಟು ಸಾಲುಗಳಲ್ಲಿದೆ ಎಂಬ ಲೆಕ್ಕ, ‘ಆರ್’ ಸೇರಿಸಿದರೆ ಫೋಲ್ಡರಿನೊಳಗಿನ ಫೋಲ್ಡರುಗಳಲ್ಲೂ ಹುಡುಕಾಟ. ಬದಲಿಸುವ ಸೂತ್ರವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ: ಎಸ್, ಓರೆಗೆರೆ, ಹಳೆಯ ಪದ, ಓರೆಗೆರೆ, ಹೊಸ ಪದ, ಓರೆಗೆರೆ, ಜಿ. ಕೊನೆಯ ‘ಜಿ’ ಇಲ್ಲದಿದ್ದರೆ ಪ್ರತಿ ಸಾಲಿನಲ್ಲಿ ಮೊದಲು ಸಿಕ್ಕಿದ್ದು ಮಾತ್ರ ಬದಲಾಗುತ್ತದೆ. ಸೆಡ್ ತಾನಾಗಿ ಫೈಲನ್ನು ಮುಟ್ಟುವುದಿಲ್ಲ, ಬದಲಾದ ರೂಪವನ್ನು ಪರದೆಗೆ ತೋರಿಸುತ್ತದೆ ಅಷ್ಟೆ. ಅಡ್ಡಗೆರೆ ‘ಐ’ ಹಾಕಿದಾಗ ಮಾತ್ರ ಫೈಲಿಗೆ ಕೈ ಹಾಕುತ್ತದೆ. ಆ ‘ಐ’ಯ ಬೆನ್ನಿಗೆ ಚುಕ್ಕೆ ಇಟ್ಟು ಬ್ಯಾಕ್ ಎಂದು ಬರೆದರೆ ಹಳೆಯ ಫೈಲಿನ ಒಂದು ಪ್ರತಿ ಪಕ್ಕದಲ್ಲೇ ಉಳಿಯುತ್ತದೆ. ಮಕ್ಕಳೇ, ಇದನ್ನು ಬರೆದುಕೊಳ್ಳಿ.

ಒಂದು ಅಪಾಯ ಇಲ್ಲೇ ಹೇಳುತ್ತೇನೆ. ಸೆಡ್‌ನಿಂದ ಬಂದದ್ದನ್ನು ಬಾಣದ ಗುರುತು ಹಾಕಿ ಅದೇ ಫೈಲಿಗೆ ಬರೆಯಹೋದವರು ಅಳುತ್ತಾ ಎದ್ದು ಬರುತ್ತಾರೆ. ಆ ಬಾಣ ಮೊದಲು ಫೈಲನ್ನು ಖಾಲಿ ಮಾಡುತ್ತದೆ, ಆಮೇಲೆ ಸೆಡ್ ಓದಲು ಹೋಗುತ್ತದೆ. ಓದಲು ಏನೂ ಉಳಿದಿರುವುದಿಲ್ಲ.

ಇಂಥ ಉಪಕರಣ ನಮಗೇಕೆ ಬೇಕಾಯಿತು? ನಮ್ಮ ಊರಿನ ಹೆಸರೇ ಕಾರಣ. 2014ರ ನವೆಂಬರ್ 1ರಿಂದ ಕರ್ನಾಟಕದ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಇದರ ಹಿಂದೆ, 2005ರಲ್ಲಿ, ಬೆಂಗಳೂರನ್ನು ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಬರೆಯಬೇಕು ಎಂಬ ಯು. ಆರ್. ಅನಂತಮೂರ್ತಿಯವರ ಸಲಹೆ ಇತ್ತು. ಅವರು ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು. ಹೆಸರುಗಳು ಜಾರಿಗೆ ಬರುವ ಎರಡು ತಿಂಗಳ ಮೊದಲು, ಆಗಸ್ಟ್‌ನಲ್ಲಿ ತೀರಿಕೊಂಡರು. ಕನ್ನಡದಲ್ಲಿ ನಾವು ಮೊದಲಿಂದಲೂ ಶಿವಮೊಗ್ಗ ಎಂದೇ ಬರೆಯುತ್ತಿದ್ದೆವು. ಇಂಗ್ಲಿಷಿನ ‘ಶಿಮೋಗ’ ಹೋಗಿ ಅಲ್ಲೂ ಶಿವಮೊಗ್ಗ ಬಂತು. ನಮ್ಮ ಹಳೆಯ ವಿದ್ಯಾರ್ಥಿಗಳ ಪರಿಚಯ ಪುಸ್ತಕದ ಇಂಗ್ಲಿಷ್ ಫೈಲುಗಳಲ್ಲಿ ವಿಳಾಸಗಳೆಲ್ಲ ಹಳೆಯ ಕಾಗುಣಿತದಲ್ಲಿದ್ದವು. ಕೈಯಲ್ಲಿ ತಿದ್ದಲು ಕೂತಿದ್ದರೆ ಒಂದು ರಂಜಾನ್ ರಜೆ ಸಾಲುತ್ತಿರಲಿಲ್ಲ. ಗ್ರೆಪ್‌ನಿಂದ ಹುಡುಕಿ, ಕಣ್ಣಾಡಿಸಿ, ಸೆಡ್‌ನಿಂದ ಬದಲಿಸಿದೆವು. ಪಿನ್‌ಕೋಡ್ 577201 ಹಾಗೇ ಉಳಿಯಿತು. ರೈಲ್ವೆಯವರ ಎಸ್‌ಎಂಇಟಿ ಎಂಬ ನಿಲ್ದಾಣ ಸಂಕೇತವೂ ಹೆಸರಿನ ಜೊತೆ ಬದಲಾಗಲಿಲ್ಲ.

ಶಿವಮೊಗ್ಗ ಸುಲಭವಾಗಿ ಮುಗಿಯಿತು. ಕಷ್ಟ ಕೊಟ್ಟದ್ದು ಮೈಸೂರು, ಅದೂ ಭದ್ರಾವತಿಯ ಫೈಲುಗಳಲ್ಲಿ.

ಹನ್ನೆರಡು ಹೆಸರುಗಳ ಪೈಕಿ ಮೈಸೂರೂ ಒಂದು. ಇಂಗ್ಲಿಷಿನ ಹಳೆಯ ‘ಮೈಸೋರ್’ ಕಂಡಲ್ಲೆಲ್ಲ ‘ಮೈಸೂರು’ ಮಾಡಿಬಿಡೋಣ ಎಂದು ಒಬ್ಬ ಹುಡುಗ ಬೆರಳು ಎತ್ತಿದ್ದ. ಮೊದಲು ಗ್ರೆಪ್ ಮಾಡಿ ನೋಡಪ್ಪ ಎಂದೆ. ಬಂದ ಸಾಲುಗಳಲ್ಲಿ ಹೆಚ್ಚಿನವು ಊರಿನ ಹೆಸರೇ ಅಲ್ಲ. ತಂದೆಯ ಉದ್ಯೋಗದ ಕಾಲಮ್ಮಿನಲ್ಲಿ ಮೈಸೋರ್ ಪೇಪರ್ ಮಿಲ್ಸ್! ನಮ್ಮ ಎಂಪಿಎಂ. 1936ರಲ್ಲಿ ಆರಂಭವಾಗಿ 1977ರಲ್ಲಿ ಸರ್ಕಾರಿ ಕಂಪನಿಯಾದ ಅದರ ಹೆಸರು ನೋಂದಣಿಯಾಗಿರುವುದೇ ಹಾಗೆ. ಇಲ್ಲಿ ಕೂತಿರುವ ಹಿರಿಯರಲ್ಲಿ ಬಹಳ ಮಂದಿ ಅಲ್ಲಿ ತಯಾರಾದ ಕಾಗದದ ಮೇಲೆ ಅಕ್ಷರ ಕಲಿತವರು. ಊರಿನ ಹೆಸರು ಬದಲಾದ ಮಾತ್ರಕ್ಕೆ ಕಂಪನಿಯ ಹೆಸರು ಬದಲಾಗುವುದಿಲ್ಲ. ಪದವಿ ಪಡೆದವರ ಸಾಲುಗಳಲ್ಲಿ ಮೈಸೋರ್ ವಿಶ್ವವಿದ್ಯಾನಿಲಯವಿತ್ತು, ಅದೂ ಇಂಗ್ಲಿಷಿನಲ್ಲಿ ಹಳೆಯ ಹೆಸರನ್ನೇ ಇಟ್ಟುಕೊಂಡಿದೆ.

ಕಬ್ಬಿಣದ ಕಾರ್ಖಾನೆಯ ಕಥೆ ಇನ್ನೂ ಉದ್ದ. 1923ರಲ್ಲಿ ಅದು ಮೈಸೂರು ಕಬ್ಬಿಣದ ಕಾರ್ಖಾನೆ, ಮುಂದೆ ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಬಂದು ವಿಐಎಸ್ಎಲ್. 1989ರಲ್ಲಿ ಸೇಲ್ ಕೈಗೆ ಹೋಗಿ, 1998ರಲ್ಲಿ ಅದರೊಳಗೇ ವಿಲೀನವಾಯಿತು. ನ್ಯೂಟೌನಿನ ಒಂದೇ ಮನೆಯಲ್ಲಿ ಅಜ್ಜನ ಸೇವಾ ಪತ್ರದಲ್ಲಿ ಒಂದು ಹೆಸರು, ಅಪ್ಪನದರಲ್ಲಿ ಒಂದು, ಮಗನದರಲ್ಲಿ ಮತ್ತೊಂದು ಇರುತ್ತದೆ. ಎಲ್ಲವೂ ಸರಿ. ಊರಿಗೇ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು, ಹಳೆಯ ಕಾಗದಗಳಲ್ಲಿ ಹಾಗೇ ಇದೆ. ಅದನ್ನೆಲ್ಲ ಒಂದೇ ಮಾಡಲು ಹೊರಟರೆ ಯಾರೋ ಒಬ್ಬರ ಪಿಂಚಣಿ ಕಾಗದಕ್ಕೂ ನಮ್ಮ ಪುಸ್ತಕಕ್ಕೂ ತಾಳೆ ತಪ್ಪುತ್ತದೆ. ಆದ್ದರಿಂದ ನಾವು ನಿರ್ಧರಿಸಿದ್ದು ಹೀಗೆ: ಈಗಿನ ವಿಳಾಸದ ಕಾಲಮ್ಮಿನಲ್ಲಿ ಹೊಸ ಹೆಸರು, ಉದ್ಯೋಗ, ಪದವಿ, ಜನ್ಮಸ್ಥಳದ ಕಾಲಮ್ಮುಗಳಲ್ಲಿ ದಾಖಲೆಯಲ್ಲಿ ಇದ್ದಂತೆ. 2014ಕ್ಕೆ ಮೊದಲಿನ ಜನನ ಪ್ರಮಾಣಪತ್ರದಲ್ಲಿ ಶಿಮೋಗ ಎಂದಿದ್ದರೆ ಶಿಮೋಗವೇ. ಒಂದು ಕಾಲಮ್ಮಿನಲ್ಲಿ ಮಾತ್ರ ಬದಲಿಸಲು ಆಕ್ ಎಂಬ ಇನ್ನೊಂದು ಉಪಕರಣವಿದೆ. ಅದನ್ನು ಮುಂದಿನ ತರಗತಿಯಲ್ಲಿ ನೋಡೋಣ.

ಕನ್ನಡದ ಫೈಲುಗಳಿಗೆ ಬಂದಾಗ ನನ್ನ ಎರಡನೆಯ ಅಪರಾಧ ನಡೆಯಿತು. ನಗಬೇಡಿ, ಇದು ನಿಮಗೂ ಆಗಬಹುದು. ಖಾನ್ ಎಂಬ ಹೆಸರನ್ನು ಯಾರೋ ಹಲವು ಕಡೆ ‘ಖಾನ’ ಎಂದು ಒತ್ತು ಬಿಟ್ಟು ಟೈಪು ಮಾಡಿದ್ದರು. ‘ಖಾನ’ ಇರುವಲ್ಲೆಲ್ಲ ‘ಖಾನ್’ ಮಾಡು ಎಂದೆ. ಮಾಡಿತು. ಪುಟ ತೆರೆದರೆ ಭದ್ರಾವತಿಯ ಕಾರ್ಖಾನೆಗಳೆಲ್ಲ ಮುರಿದು ಬಿದ್ದಿದ್ದವು! ಯಂತ್ರಕ್ಕೆ ‘ನೆ’ ಎಂಬುದು ಒಂದಕ್ಷರ ಅಲ್ಲ. ‘ನ’ ಒಂದು ಸಂಕೇತ, ಎತ್ವ ಇನ್ನೊಂದು ಸಂಕೇತ. ಹಾಗಾಗಿ ಕಾರ್ಖಾನೆಯ ಹೊಟ್ಟೆಯಲ್ಲಿ ‘ಖಾನ’ ಇದ್ದೇ ಇದೆ. ನ ಮತ್ತು ಎತ್ವದ ನಡುವೆ ನನ್ನ ಅರ್ಧಾಕ್ಷರದ ಗುರುತು ನುಗ್ಗಿ, ಎತ್ವ ಅನಾಥವಾಗಿ ಚುಕ್ಕೆಯ ವೃತ್ತದ ಮೇಲೆ ಕೂತಿತ್ತು. ದವಾಖಾನೆಗಳ ಗತಿಯೂ ಅದೇ. ಖಾನಂ ಎಂಬ ಹೆಸರಿನ ಹೆಣ್ಣುಮಕ್ಕಳ ಹೆಸರುಗಳೂ ಕೆಟ್ಟವು. ಮೊದಲೇ ಸರಿಯಾಗಿದ್ದ ಖಾನ್‌ಗಳಿಗೆ ಎರಡೆರಡು ಅರ್ಧಾಕ್ಷರದ ಗುರುತು ಬಂದವು. ಈ ಸಲ ಮಾತ್ರ ಮೂಲಪ್ರತಿ ಇಟ್ಟುಕೊಂಡಿದ್ದೆ, ಬಚಾವಾದೆ.

ಹಾಗಾದರೆ ಸರಿಯಾದ ವಿಧಾನ ಏನು? ಪಟ್ಟಿಯಲ್ಲಿ ಪ್ರತಿ ಹೆಸರಿನ ಕೊನೆಗೆ ಅಲ್ಪವಿರಾಮ ಇರುತ್ತದೆ. ‘ಖಾನ’ ಮತ್ತು ಅಲ್ಪವಿರಾಮ ಎರಡನ್ನೂ ಸೇರಿಸಿ ಹುಡುಕಿದರೆ ಕಾರ್ಖಾನೆ ಸಿಗುವುದಿಲ್ಲ, ಖಾನಂ ಸಿಗುವುದಿಲ್ಲ. ಗ್ರೆಪ್‌ನಲ್ಲಿ ಪೂರ್ಣಪದ ಮಾತ್ರ ಹುಡುಕಲು ‘ಡಬ್ಲ್ಯು’ ಎಂಬ ಆಯ್ಕೆ ಇದೆ, ಇಂಗ್ಲಿಷಿಗೆ ಅದು ಚೆನ್ನ. ಕನ್ನಡದ ಗುಣಿತದ ಚಿಹ್ನೆಗಳನ್ನು ಅಕ್ಷರವೆಂದೇ ಎಣಿಸದ ತಂತ್ರಾಂಶಗಳೂ ಇವೆ. ಆದ್ದರಿಂದ ಪೂರ್ಣಪದದ ಆಯ್ಕೆಯನ್ನು ಕಣ್ಣುಮುಚ್ಚಿ ನಂಬಬೇಡಿ.

ನಮ್ಮ ಭಾಷೆಗೆ ವಿಭಕ್ತಿ ಇದೆಯಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಬರೀ ಪದ ಬದಲಿಸಿದರೆ ‘ಗುಲ್ಬರ್ಗಾದಲ್ಲಿ ವೈದ್ಯರು’ ಎಂಬುದು ‘ಕಲಬುರಗಿದಲ್ಲಿ ವೈದ್ಯರು’ ಆಗುತ್ತದೆ. ಯಾವ ಕನ್ನಡ ಮೇಷ್ಟರೂ ಒಪ್ಪುವುದಿಲ್ಲ. ಆದರೆ ‘ಗುಲ್ಬರ್ಗಾದ’ ಎಂಬುದನ್ನು ‘ಕಲಬುರಗಿಯ’ ಎಂದು ಬದಲಿಸಿ ನೋಡಿ. ಗುಲ್ಬರ್ಗಾದಲ್ಲಿ ಇದ್ದದ್ದು ಕಲಬುರಗಿಯಲ್ಲಿ ಆಗುತ್ತದೆ, ಗುಲ್ಬರ್ಗಾದವರು ಕಲಬುರಗಿಯವರು ಆಗುತ್ತಾರೆ. ಗುಲ್ಬರ್ಗಾದಿಂದ ಎಂಬುದೂ ತಾನಾಗಿ ಕಲಬುರಗಿಯಿಂದ ಆಗುತ್ತದೆ, ಏಕೆಂದರೆ ‘ದಿ’ಯೊಳಗೆ ‘ದ’ ಇದೆ, ಗುಡಿಸು ಅದರ ಹಿಂದೆ ಬರುವ ಬೇರೆ ಸಂಕೇತ. ಕಾರ್ಖಾನೆಯನ್ನು ಕೆಡಿಸಿದ ಗುಣವೇ ಇಲ್ಲಿ ಉಪಕಾರಕ್ಕೆ ಬಂತು. ‘ಗುಲ್ಬರ್ಗಾಕ್ಕೆ’ ಎಂಬುದಕ್ಕೆ ಬೇರೆ ಸಾಲು ಬೇಕು. ಉದ್ದದ ರೂಪಗಳನ್ನು ಮೊದಲು ಬದಲಿಸಿ, ಬರೀ ಹೆಸರನ್ನು ಕೊನೆಗೆ. ಮೊದಲೇ ಬರೀ ಹೆಸರನ್ನು ಬದಲಿಸಿಬಿಟ್ಟರೆ ಹಿಂದಿನ ಸಾಲುಗಳಿಗೆ ಹುಡುಕಲು ಏನೂ ಸಿಗುವುದಿಲ್ಲ.

ಕೆಲವರು ನನಗೆ ಹೇಳಿದ್ದುಂಟು: “ಫೈಲಿನಲ್ಲಿ ಶಿವಮೊಗ್ಗ ಎಂದು ಕಣ್ಣಿಗೆ ಕಾಣುತ್ತಿದೆ, ಗ್ರೆಪ್ ಮಾಡಿದರೆ ಇಲ್ಲ ಅನ್ನುತ್ತದೆ. ಇದೇನು ಮಾಯೆ?” ಇದಕ್ಕೆ ಕಾರಣಗಳು ಹಲವು. ನಾವು ನಾಲ್ಕು ಅಕ್ಷರ ಎನ್ನುವ ಶಿವಮೊಗ್ಗ ಯೂನಿಕೋಡಿನಲ್ಲಿ ಎಂಟು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟು. ಅದರಲ್ಲಿ ‘ಮೊ’ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್ ಬೈಟುಗಳನ್ನು ಹೋಲಿಸುತ್ತದೆ, ಅದಕ್ಕೆ ಅವು ಬೇರೆ ಬೇರೆ ಊರುಗಳು. ಅಕ್ಷರಗಳ ನಡುವೆ ಕಾಣದ ಜೋಡಕ ಚಿಹ್ನೆಗಳು ಸೇರಿಕೊಂಡಿದ್ದರೂ ಹೀಗೇ ಆಗುತ್ತದೆ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಆ ಕೆಲಸಕ್ಕೂ ಸೆಡ್ ಸಾಕು.

ಇದಕ್ಕಿಂತ ದೊಡ್ಡ ಕಾರಣ ನಮ್ಮ ಹಳೆಯ ಫೈಲುಗಳು. ಈ ವಾರ್ಷಿಕ ಸಂಚಿಕೆಯ ಹಿಂದಿನ ಪುಟಗಳನ್ನು ಟೈಪು ಮಾಡಿದ್ದು ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಕೆಲವು ಶೇಷಾದ್ರಿವಾಸು ಅವರ ಬರಹದಲ್ಲಿ. ಎರಡರಿಂದಲೂ ಕನ್ನಡಕ್ಕೆ ಬಹಳ ಉಪಕಾರವಾಗಿದೆ, ಅದನ್ನು ಮರೆಯಬಾರದು. ಆದರೆ ಆಗಿನ ಫಾಂಟುಗಳಲ್ಲಿ ಉಳಿಸಿದ ಫೈಲಿನೊಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಮೊದಲಾದ ಲ್ಯಾಟಿನ್ ಲಿಪಿಯ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟು ತೆಗೆದರೆ ವೇಷ ಕಳಚುತ್ತದೆ. ಅಲ್ಲಿ ಹೋಗಿ ಶಿವಮೊಗ್ಗ ಎಂದು ಯೂನಿಕೋಡಿನಲ್ಲಿ ಕೇಳಿದರೆ ಸಿಗುವುದಾದರೂ ಹೇಗೆ? ಅವುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ವರ್ಡ್‌ನ ಫೈಲುಗಳಿಗೂ ಒಂದು ಮಾತು: ಡಾಕ್ಸ್ ಎಂದು ಕೊನೆಯಾಗುವ ಫೈಲು ಒಳಗೆ ಮಡಚಿ ಕಟ್ಟಿದ ಗಂಟು, ಗ್ರೆಪ್‌ಗೆ ಅದು ನೇರವಾಗಿ ಓದಲು ಬರುವುದಿಲ್ಲ. ಬರೀ ಪಠ್ಯವಾಗಿ ಉಳಿಸಿಕೊಂಡು ಹುಡುಕಿ. ಹಳೆಯ ಸಂಚಿಕೆಗಳನ್ನು ನಾವು ಪರಿವರ್ತಿಸುವುದು ಹುಡುಕುವುದಕ್ಕಾಗಿ ಮಾತ್ರ. ಮೊದಮೊದಲು ಈ ಸಂಸ್ಥೆಗೆ ತಲಾ ಹತ್ತು ರೂಪಾಯಿ ಕೊಟ್ಟವರ ಹೆಸರುಗಳು ಅಚ್ಚಾದ ಹಾಗೇ ಇರಲಿ.

ಯಾವ ಕೆಲಸಕ್ಕೆ ಕೂತರೂ ನಾನು ಈಗ ಅನುಸರಿಸುವ ರೀತಿ ಹೇಳುತ್ತೇನೆ. ಮೊದಲು ಇಡೀ ಫೋಲ್ಡರಿನ ಪ್ರತಿ ಪೆನ್‌ಡ್ರೈವಿಗೆ. ಆಮೇಲೆ ಗ್ರೆಪ್, ಬಂದ ಪ್ರತಿ ಸಾಲನ್ನೂ ಓದುತ್ತೇನೆ, ಐನೂರು ಸಾಲಿದ್ದರೆ ಚಹಾ ತರಿಸಿಕೊಂಡು ಓದುತ್ತೇನೆ. ಸೆಡ್ ಅನ್ನು ‘ಐ’ ಇಲ್ಲದೆ ಓಡಿಸಿ ಬಂದದ್ದನ್ನು ಬೇರೆ ಹೆಸರಿನ ಫೈಲಿಗೆ ಹಾಕಿ, ಹಳೆಯದನ್ನೂ ಹೊಸದನ್ನೂ ಡಿಫ್ ಎಂಬ ಆಜ್ಞೆಯಿಂದ ಹೋಲಿಸುತ್ತೇನೆ. ಬದಲಾದ ಸಾಲುಗಳನ್ನಷ್ಟೇ ಅದು ತೋರಿಸುತ್ತದೆ. ಗ್ರೆಪ್ ಹೇಳಿದ ಸಾಲುಗಳ ಲೆಕ್ಕಕ್ಕೂ ಡಿಫ್ ತೋರಿಸಿದ ಸಾಲುಗಳ ಲೆಕ್ಕಕ್ಕೂ ತಾಳೆಯಾದರೆ ಮಾತ್ರ ಮುಂದಿನ ಮಾತು.

ಭಾಷಣ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತಿದ್ದಾರೆ. “ಬೇಟಾ, ನನ್ನ ಮೊಮ್ಮಗಳ ಹೆಸರು ಶಾಲೆಯಲ್ಲಿ ಒಂದು ತರಹ, ಆಧಾರ್‌ನಲ್ಲಿ ಒಂದು ತರಹ, ಬ್ಯಾಂಕಿನಲ್ಲಿ ಒಂದು ತರಹ ಇದೆ. ನಿನ್ನ ಈ ಕಮಾಂಡಿನಿಂದ ಅದು ಸರಿಯಾಗುತ್ತದಾ?” ಎಂದು ಕೇಳುತ್ತಿದ್ದಾರೆ.

ಆಗುವುದಿಲ್ಲ ಅಮ್ಮಾ. ಆ ದಾಖಲೆಗಳು ಆಯಾ ಕಚೇರಿಯಲ್ಲೇ ಅರ್ಜಿ ಕೊಟ್ಟು ತಿದ್ದಬೇಕಾದವು, ನನ್ನ ಯಂತ್ರ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಯಾರ ಯಾರ ಹೆಸರು ಎಲ್ಲಿ ಬೇರೆಯಾಗಿದೆ ಎಂದು ಮೊದಲೇ ಹೇಳಬಲ್ಲದು. ಅಂಕಪಟ್ಟಿಯಲ್ಲಿರುವ ಹೆಸರುಗಳದ್ದು ಒಂದು ಫೈಲು, ಪಾಸ್‌ಬುಕ್ಕಿನಲ್ಲಿರುವ ಹೆಸರುಗಳದ್ದು ಇನ್ನೊಂದು, ಅರ್ಜಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಡಿಫ್ ಕೊಟ್ಟರೆ ತಾಳೆಯಾಗದ ಮಕ್ಕಳ ಸಾಲುಗಳು ಹೊರಗೆ ಬೀಳುತ್ತವೆ. ಆ ಮನೆಗಳಿಗೆ ನಾವೇ ಫೋನು ಮಾಡುತ್ತೇವೆ, ಚೆಕ್ಕು ಬರೆಯುವ ಮೊದಲು. ಈ ವರ್ಷದ ಅರ್ಜಿಗಳಿಗೆ ಇದನ್ನು ಮಾಡಬೇಕೆಂದಿದ್ದೇವೆ. ಟೈಪು ಮಾಡಲು ಶಿವಮೊಗ್ಗಕ್ಕೆ ನಾಲ್ಕು ಮಕ್ಕಳು, ಭದ್ರಾವತಿಗೆ ಮೂವರು ಬೇಕು. ಕನ್ನಡ, ಇಂಗ್ಲಿಷ್ ಎರಡೂ ಓದಲು ಬಂದರೆ ಸಾಕು. ಬರುವ ಭಾನುವಾರ ಅಸರ್ ನಮಾಜಿನ ನಂತರ ನಮ್ಮ ಕಚೇರಿಯ ಮೇಲಿನ ಮಹಡಿಯಲ್ಲಿ ಶುರು. ಅಮ್ಮಾ, ನೀವು ಮೊಮ್ಮಗಳ ಮೂರೂ ಕಾಗದಗಳ ಜೆರಾಕ್ಸ್ ತಂದುಕೊಡಿ, ಮೊದಲ ಸಾಲು ಅವಳದೇ ಬರೆಯೋಣ.